ಚೀಟಿಯ ಬೆನ್ನು

ಆ ಜಾಹೀರಾತು ಕಚೇರಿಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವಳು ಸೀಲಕ್ಕ. ಮೂರನೆಯ ಮಹಡಿಯ ಮೂಲೆಯಲ್ಲಿ, ಕಿಟಕಿ ಇದ್ದೂ ಗಾಳಿ ಬಾರದ ಜಾಗದಲ್ಲಿ ಅವಳ ಮೇಜು. ಎಡಕ್ಕೆ ಬರುವ ಚೀಟಿಗಳ ಟ್ರೇ, ಬಲಕ್ಕೆ ಹೋಗುವ ಚೀಟಿಗಳ ಟ್ರೇ, ನಡುವೆ ಒಂದು ರಬ್ಬರ್ ಸೀಲು, ನೇರಳೆ ಶಾಯಿಯ ಪ್ಯಾಡು. ಸೀಲಿನಲ್ಲಿದ್ದದ್ದು ಎರಡೇ ಪದ: ‘ಆಧಾರ ಇದೆ’. ಆ ಎರಡು ಪದ ಬೀಳದೆ ಆ ಕಚೇರಿಯಿಂದ ಒಂದು ಸಾಲೂ ಟೀವಿಗೆ ಹೋಗುವಂತಿರಲಿಲ್ಲ.

ಈ ಪದ್ಧತಿಯನ್ನು ಹುಟ್ಟುಹಾಕಿದವಳೂ ಅವಳೇ. ಹತ್ತೊಂಬತ್ತು ವರ್ಷದ ಹಿಂದೆ, ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಚುನಾವಣೆಯ ಜಾಹೀರಾತೊಂದರಲ್ಲಿ ಹಸಿ ಸುಳ್ಳು ನುಸುಳಿ, ಮಾಲೀಕರು ಎಲ್ಲರೆದುರು ತಲೆತಗ್ಗಿಸಿ ಕ್ಷಮೆ ಕೇಳಬೇಕಾಗಿ ಬಂದಿತ್ತು. ಆಗ ಅವಳು ಒಂದು ಉಪಾಯ ಹೇಳಿದಳು. ಜಾಹೀರಾತನ್ನು ಇಡಿಯಾಗಿ ಓದಿದರೆ ಓದುವವರ ಒಲವು ಅಡ್ಡ ಬರುತ್ತದೆ; ನಮ್ಮ ಕಡೆಯವರದಾದರೆ ಕಣ್ಣು ಮುಚ್ಚಿಕೊಳ್ಳುತ್ತೇವೆ, ಎದುರು ಕಡೆಯವರದಾದರೆ ಹಲ್ಲು ಕಡಿಯುತ್ತೇವೆ. ಆದ್ದರಿಂದ ಒಂದೊಂದು ಸಾಲನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ, ಪ್ರತಿ ಚೀಟಿಗೂ ಅದರ ಆಧಾರದ ಕಾಗದವನ್ನು ಪಿನ್ ಮಾಡಿ, ಎಲ್ಲ ಜಾಹೀರಾತುಗಳ ಚೀಟಿಗಳನ್ನೂ ಇಸ್ಪೀಟಿನ ಎಲೆಗಳ ಹಾಗೆ ಕಲಸಿ ನನ್ನ ಟ್ರೇಗೆ ಹಾಕಿ. ಯಾರ ಪರ, ಯಾರ ವಿರುದ್ಧ, ಹಿಂದೇನು, ಮುಂದೇನು ಎಂಬುದು ನನಗೆ ಬೇಡ. ಸಾಲು ನಿಜವೋ ಅಲ್ಲವೋ, ಅಷ್ಟೇ ನೋಡುತ್ತೇನೆ. ಸರಿಯಿಲ್ಲದಿದ್ದರೆ ಚೀಟಿಯ ಬೆನ್ನಿಗೆ ಕಾರಣ ಬರೆದು, ಸಹಿ ಹಾಕಿ ವಾಪಸು ಮಾಡುತ್ತೇನೆ. ಒಮ್ಮೆ ಟ್ರೇಗೆ ಬಿದ್ದ ಚೀಟಿಯನ್ನು ಯಾರೂ ಹಿಂದಕ್ಕೆ ತೆಗೆಯುವಂತಿಲ್ಲ. ಮಾಲೀಕರ ಮೇಜಿಗೆ ಅದರ ಒಂದು ಪ್ರತಿ ಹೋಗಬೇಕು, ಮೂಲ ಫೈಲಿಗೆ ಹೋಗಬೇಕು.

ಅಂದಿನಿಂದ ಆ ಕಚೇರಿಯ ಮೇಲೆ ಒಂದೇ ಒಂದು ಮೊಕದ್ದಮೆ ಬಿದ್ದಿರಲಿಲ್ಲ. ಹೊಸ ಗಿರಾಕಿ ಬಂದರೆ ಮಾಲೀಕರು ಅವಳ ಮೇಜಿನವರೆಗೂ ಕರೆತಂದು ತೋರಿಸುತ್ತಿದ್ದರು. “ನಮ್ಮಲ್ಲಿ ಸುಳ್ಳಿಗೆ ಜಾಗ ಇಲ್ಲ, ನೋಡಿ” ಎನ್ನುತ್ತಿದ್ದರು. ಮೊದಲ ಹತ್ತು ವರ್ಷ ಅವಳಿಗೆ ಅದು ಹೆಮ್ಮೆ. ಆಮೇಲೆ ಅಭ್ಯಾಸ. ಈಗೀಗ, ಚುನಾವಣೆ ಬಂತೆಂದರೆ ಊರಿಗೆಲ್ಲ ಹುರುಪು, ಸೀಲಕ್ಕನಿಗೆ ಮೊಣಕೈ ನೋವು. ದಿನಕ್ಕೆ ಮುನ್ನೂರು ಚೀಟಿ. ಒಬ್ಬ ಎಷ್ಟು ಸಲ ಸಭೆಗೆ ಚಕ್ಕರ್ ಹೊಡೆದ, ಇನ್ನೊಬ್ಬಳ ಭಾವಮೈದ ಯಾವ ರಸ್ತೆ ಅಗೆದು ಮುಚ್ಚದೆ ಬಿಟ್ಟ, ಎಲ್ಲವೂ ನಿಜ, ಎಲ್ಲಕ್ಕೂ ಆಧಾರವಿದೆ. ಮನೆಗೆ ಹೋಗುವ ಹೊತ್ತಿಗೆ ಅವಳಿಗೆ ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ, ಯಾರ ಮೇಲೂ ನಂಬಿಕೆ ಉಳಿದಿರುತ್ತಿರಲಿಲ್ಲ.

ಮತದಾನಕ್ಕೆ ಹನ್ನೆರಡು ದಿನವಿದ್ದಾಗ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಅವಳ ಕೈಗೆ ಒಂದು ಚೀಟಿ ಬಂತು: ‘ಹೊಣೆ ತಮ್ಮದೇ ಎಂದು ಅವರೇ ವಿಚಾರಣೆಯಲ್ಲಿ ಒಪ್ಪಿಕೊಂಡರು.’ ಪಿನ್ ಮಾಡಿದ್ದ ಕಾಗದ ಹನ್ನೊಂದು ವರ್ಷ ಹಳೆಯ ವಿಚಾರಣಾ ವರದಿಯ ಕೊನೆಯ ಪುಟ. ಕೆಳಗಿದ್ದ ಸಹಿ ದೊಡ್ಡಾಸ್ಪತ್ರೆಯ ಆಗಿನ ಮುಖ್ಯಸ್ಥೆ ಡಾಕ್ಟರಮ್ಮನದು.

ಸೀಲಕ್ಕ ಆ ಸಹಿಯನ್ನು ಎರಡು ಸಲ ಓದಿದಳು. ಡಾಕ್ಟರಮ್ಮ ಈ ಸಲ ಚುನಾವಣೆಗೆ ನಿಂತದ್ದು ಅವಳಿಗೆ ಗೊತ್ತಿತ್ತು. ತಮ್ಮ ಕಚೇರಿಯ ಗಿರಾಕಿ ಆಕೆಯ ಎದುರಾಳಿ ಎಂಬುದೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುವುದನ್ನು ಹತ್ತೊಂಬತ್ತು ವರ್ಷ ಅಭ್ಯಾಸ ಮಾಡಿದ್ದಳು, ಅಷ್ಟೇ. ಆದರೆ ಆ ಹೊಣೆ ನಿಜಕ್ಕೂ ಯಾರದೆಂದು ಬಲ್ಲವರು ಈ ಭೂಮಿಯ ಮೇಲೆ ಮೂವರೇ. ಒಬ್ಬರು ಡಾಕ್ಟರಮ್ಮ. ಇನ್ನೊಬ್ಬ ಸೀಲಕ್ಕನ ಗಂಡ. ಮೂರನೆಯವಳು ಅವಳೇ.

ಗಂಡ ಆಗ ಆ ಆಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್. ಪ್ರತಿ ಸೋಮವಾರ ಸಂಜೆ ಜನರೇಟರ್ ರೂಮಿಗೆ ಹೋಗಿ, ಡೀಸೆಲ್ ಟ್ಯಾಂಕಿಗೆ ಅಳತೆಕಡ್ಡಿ ಇಳಿಸಿ, ಎಷ್ಟಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಟಿಕ್ ಹಾಕುವುದು ಅವನ ಕೆಲಸಗಳಲ್ಲೊಂದು. ಆ ಸೋಮವಾರ ಸೀಲಕ್ಕ ಫೋನು ಮಾಡಿದ್ದಳು. ನಾಲ್ಕು ತಿಂಗಳಿಂದ ಹುಡುಕುತ್ತಿದ್ದಂಥ ಬಾಡಿಗೆ ಮನೆ ಒಂದು ಸಿಕ್ಕಿತ್ತು. ಐದರೊಳಗೆ ಬಂದು ನೋಡದಿದ್ದರೆ ಇನ್ನೊಬ್ಬರಿಗೆ ಕೊಡುತ್ತೇನೆಂದು ಮನೆಯೊಡತಿ ಕಡ್ಡಿ ಮುರಿದಂತೆ ಹೇಳಿದ್ದಳು. “ಎಲ್ಲ ಬಿಟ್ಟು ಬನ್ನಿ ರೀ, ಇದು ತಪ್ಪಿದ್ರೆ ಇನ್ನು ನನ್ನ ಕೈಲಿ ಅಲೆಯೋಕಾಗಲ್ಲ” ಎಂದಿದ್ದಳು. ಅವನು ಕಡ್ಡಿ ಇಳಿಸದೆ ಟಿಕ್ ಹಾಕಿ ಓಡಿಬಂದ. ಹಿಂದಿನ ದಿನ ಕರೆಂಟು ಹೋಗಿ ಜನರೇಟರ್ ಐದು ಗಂಟೆ ಓಡಿದ್ದು ಆ ಅವಸರದಲ್ಲಿ ಅವನಿಗೆ ಹೊಳೆಯಲೇ ಇಲ್ಲ. ಮನೆ ಸಿಕ್ಕಿತು. ಇವತ್ತಿಗೂ ಅದೇ ಮನೆಯಲ್ಲಿದ್ದಾರೆ.

ಗುರುವಾರ ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರ್ ಆರು ನಿಮಿಷ ಓಡಿ ನಿಂತಿತು. ಉಸಿರಾಟದ ಯಂತ್ರಗಳೊಳಗಿನ ಬ್ಯಾಟರಿಗಳು ಹಳೆಯವು. ಇಪ್ಪತ್ತೆರಡು ನಿಮಿಷದಲ್ಲಿ ಇಬ್ಬರು ಹೋದರು: ಒಬ್ಬ ಮುದುಕ, ಒಬ್ಬಳು ಎರಡು ಮಕ್ಕಳ ತಾಯಿ.

ಡಾಕ್ಟರಮ್ಮ ಆ ಹೊತ್ತಿಗೆ ಮೇಲಿನವರ ಕಚೇರಿಯಲ್ಲಿದ್ದರು. ಎರಡನೆಯ ಜನರೇಟರ್ ಕೊಡಿ ಎಂದು ಮೂರನೆಯ ಸಲ ಕೇಳಲು ಹೋಗಿದ್ದರು. ವಾಪಸು ಬಂದವರು ರಿಜಿಸ್ಟರನ್ನು ನೋಡಿದರು, ಟ್ಯಾಂಕನ್ನು ನೋಡಿದರು, ಗೋಡೆಗೊರಗಿ ನಿಂತಿದ್ದ ಎಲೆಕ್ಟ್ರಿಷಿಯನ್ನನ್ನು ನೋಡಿದರು. “ವಿಚಾರಣೆಗೆ ಬಂದವರು ರಿಜಿಸ್ಟರ್ ಕೇಳಿದ್ರೆ ಕೊಡು, ಸುಳ್ಳು ಹೇಳ್ಬೇಡ. ಕೇಳದೆ ಇದ್ರೆ ನೀನಾಗಿ ಓಡಿಹೋಗಿ ಕೊಡ್ಬೇಡ. ಇಬ್ಬರು ಹೋಗಿದ್ದಾರೆ, ಮೂರನೆಯವನು ನೀನಾಗೋದು ಬೇಡ” ಎಂದರು. ವಿಚಾರಣೆಯವರು ಕೇಳಲಿಲ್ಲ. ತಪ್ಪು ನನ್ನದು ಎನ್ನುವ ದೊಡ್ಡ ತಲೆಯೊಂದು ಎದುರಿಗೇ ಕೂತಿರುವಾಗ ರಿಜಿಸ್ಟರ್ ಯಾರಿಗೆ ಬೇಕು? ಡಾಕ್ಟರಮ್ಮ ಹುದ್ದೆ ಬಿಟ್ಟರು. ಇನ್ನೊಬ್ಬನ ತಪ್ಪನ್ನು ಹೀಗೆ ಹೊತ್ತದ್ದು ಸರಿಯೋ ತಪ್ಪೋ, ಸತ್ತವರ ಮನೆಯವರನ್ನು ಕೇಳಿದರೆ ಬೇರೆಯೇ ಉತ್ತರ ಬಂದೀತು. ಸೀಲಕ್ಕ ಯಾವತ್ತೂ ಅವರನ್ನು ಕೇಳುವ ಧೈರ್ಯ ಮಾಡಲಿಲ್ಲ.

ಈಗ ಚೀಟಿ ಮುಂದಿತ್ತು. ಸಾಲು ನಿಜ. ಕಾಗದ ನಿಜ. ಸಹಿ ನಿಜ. ಬೇಡವೆನ್ನಬೇಕಾದರೆ ಬೆನ್ನಿಗೆ ಕಾರಣ ಬರೆಯಬೇಕು. ಕಾರಣವೆಂದರೆ ಗಂಡನ ಹೆಸರು. ಅವಳು ಚೀಟಿಯನ್ನು ತಿರುಗಿಸಿ ಖಾಲಿ ಬೆನ್ನನ್ನು ನೋಡಿದಳು, ಮತ್ತೆ ತಿರುಗಿಸಿದಳು, ಸೀಲು ಒತ್ತಿದಳು. ಆಮೇಲೆ ಡಬ್ಬಿ ಬಿಚ್ಚಿ ಊಟಕ್ಕೆ ಕೂತಳು. ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ.

ಅವತ್ತೇ ಸಂಜೆ, ಏಳರ ವಾರ್ತೆಗೆ ಮುಂಚೆ, ಮನೆಯ ಟೀವಿಯಲ್ಲಿ ಜಾಹೀರಾತು ಬಂತು. ಕಪ್ಪು ತೆರೆ, ಬಿಳಿ ಅಕ್ಷರ, ಗಂಟಲಲ್ಲಿ ಕಫ ಕಟ್ಟಿದವನ ದನಿ.

‘ಅಂದು ಆ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ನಿಮಿಷ ಕತ್ತಲೆ. ಇಬ್ಬರು ಉಸಿರುಗಟ್ಟಿ ಸತ್ತರು. ಮುಖ್ಯಸ್ಥೆ ಆಸ್ಪತ್ರೆಯಲ್ಲಿ ಇರಲೇ ಇಲ್ಲ. ಅದೇ ವರ್ಷ ಅವರ ಕೋಣೆಗೆ ಹೊಸ ಏಸಿ ಬಂದಿತ್ತು. ಹೊಣೆ ತಮ್ಮದೇ ಎಂದು ಅವರೇ ವಿಚಾರಣೆಯಲ್ಲಿ ಒಪ್ಪಿಕೊಂಡರು.’

ಐದೂ ಸಾಲು ಅವಳ ಕೈಯಿಂದಲೇ ಹೋಗಿದ್ದವು. ಏಸಿಯ ಚೀಟಿಗೆ ಎರಡು ದಿನದ ಹಿಂದೆ, ಯಾವುದೋ ಹೋಟೆಲಿನವನ ಸಂಗತಿ ಎಂದುಕೊಂಡು ಸೀಲು ಹಾಕಿದ್ದಳು. ಮಿಕ್ಕ ಮೂರು ಅದಕ್ಕೂ ಮುಂಚೆ, ಬೇರೆ ಬೇರೆ ದಿನ, ಯಾವ ಆಸ್ಪತ್ರೆಯದೆಂದು ಅವಳು ಯೋಚಿಸದೆಯೇ ಕೈದಾಟಿದ್ದವು. ಆ ಏಸಿ ಬಂದದ್ದು ಡಾಕ್ಟರಮ್ಮ ತಮ್ಮ ಕೋಣೆಯನ್ನು ಲಸಿಕೆ ಇಡಲು ಬಿಟ್ಟುಕೊಟ್ಟು ತಾವು ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡಾಗ. ಅದನ್ನು ಗೋಡೆಗೆ ಕೂರಿಸಿದವನು ಇವಳ ಗಂಡನೇ. ಒಂದು ಸಾಲಿನಲ್ಲೂ ಸುಳ್ಳಿರಲಿಲ್ಲ. ಸುಳ್ಳು ಇದ್ದದ್ದು ಒಂದು ಚೀಟಿಗೂ ಇನ್ನೊಂದು ಚೀಟಿಗೂ ನಡುವಿನ ಜಾಗದಲ್ಲಿ. ಆ ಜಾಗ ತನ್ನ ಕಣ್ಣಿಗೆ ಬೀಳಬಾರದೆಂದು ನಿಯಮ ಮಾಡಿದವಳೂ ಅವಳೇ. ಟೀವಿಯಲ್ಲಿ ಆಗಲೇ ಸೋಪಿನ ಜಾಹೀರಾತು ಶುರುವಾಗಿತ್ತು.

ಗಂಡ ಎದ್ದ. ಹನ್ನೊಂದು ವರ್ಷದಿಂದ ಅವನಿಗೊಂದು ಚಾಳಿ: ದಿನಕ್ಕೆ ಹತ್ತು ಸಲ ಗ್ಯಾಸು, ನಲ್ಲಿ, ಬಾಗಿಲ ಚಿಲಕ, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುವುದು. ಸತ್ತ ಇಬ್ಬರ ಹೆಸರೂ ಅವನಿಗೆ ಗೊತ್ತು. ಧಾರಾವಾಹಿಯಲ್ಲಿ ಆ ಹೆಸರಿನವರು ಬಂದರೆ ಎದ್ದು ಹೊರಗೆ ಹೋಗುತ್ತಾನೆ. ಅಡುಗೆಮನೆಗೆ ಹೋದ, ಗ್ಯಾಸು ಮುಟ್ಟಿದ, ಬಂದ, ಮತ್ತೆ ಹೋದ. ಮೂರನೆಯ ಸಲ ಬಂದವನು ನಿಂತೇ ಕೇಳಿದ.

“ಇದಕ್ಕೆ ಸೀಲು ಹಾಕಿದ್ದು ನೀನೇನಾ?”

“ಒಂದೊಂದೂ ಸರಿಯಾಗೇ ಇತ್ತು ರೀ.”

“ಹೌದು. ನನ್ನ ರಿಜಿಸ್ಟರಲ್ಲೂ ಟಿಕ್ ಸರಿಯಾಗೇ ಇತ್ತು.”

ಅವನು ವ್ಯಂಗ್ಯವಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. ಅದೇ ಅವಳಿಗೆ ತಡೆಯಲಾಗದೆ ಹೋಯಿತು. ಅವನು ನೋಡದೆ ಟಿಕ್ ಹಾಕಿದ್ದು ಒಂದೇ ಒಂದು ಸಲ. ತಾನು?

ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಅವನು, “ನಿನ್ನ ಚೀಟಿ ಒಂದು ಇದ್ರೆ ಕೊಡು” ಎಂದ.

“ಯಾಕ್ರೀ?”

“ಕೊಡೆ ಸುಮ್ನೆ.”

ಅವಳ ಚೀಲದಲ್ಲಿ ಖಾಲಿ ಚೀಟಿಗಳು ಯಾವಾಗಲೂ ಇರುತ್ತಿದ್ದವು. ಸಾಮಾನಿನ ಪಟ್ಟಿ ಬರೆಯುತ್ತಿದ್ದದ್ದೂ ಅವುಗಳಲ್ಲೇ. ಅವನು ಕನ್ನಡಕ ಹಾಕಿಕೊಂಡು, ಫ್ಯಾನು ರಿಪೇರಿ ಮಾಡುವಾಗಿನ ನಿಧಾನದಲ್ಲಿ ನಾಲ್ಕು ಸಾಲು ಬರೆದು ಮುಂದೆ ಸರಿಸಿದ.

‘ಆ ವಾರ ಜನರೇಟರ್ ಟ್ಯಾಂಕಿಗೆ ಕಡ್ಡಿ ಇಳಿಸದೆ ಟಿಕ್ ಹಾಕಿದವನು ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಆಗಿದ್ದ ನಾನು. ಇದರಲ್ಲಿ ಡಾಕ್ಟರಮ್ಮನ ತಪ್ಪಿಲ್ಲ. ತಪ್ಪು ನನ್ನದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಹೇಳದೆ ನನ್ನನ್ನು ಉಳಿಸಿದರು.’

ಕೆಳಗೆ ಹೆಸರು, ಸಹಿ, ತಾರೀಖು.

“ಇದನ್ನ ಕೊಟ್ರೆ ನಿಲ್ಲಿಸ್ತಾರಾ?”

“ನಿಲ್ಲಿಸ್ಲೇಬೇಕು. ಹೊಸ ಆಧಾರ ಬಂದು ಹಳೇದು ಸುಳ್ಳಾದ್ರೆ ನಿಲ್ಲಿಸ್ಬೇಕು ಅಂತ ನಿಯಮ ಇದೆ. ಎರಡು ಸಲ ನಿಲ್ಲಿಸಿದ್ದೀವಿ ಕೂಡ.” ಅವಳು ಚೀಟಿಯ ಕೆಳಗಿನ ಸಹಿಯನ್ನು ನೋಡಿದಳು. “ಆದ್ರೆ ನಿಮ್ಮ ಹೆಸರು… ಎಲ್ಲರಿಗೂ ಗೊತ್ತಾಗುತ್ತೆ. ಸತ್ತವರ ಮನೆಯವರು ಬಂದು ನಿಂತ್ಕೊಂಡ್ರೆ?”

“ಬರಲಿ. ಹನ್ನೊಂದು ವರ್ಷದಿಂದ ಬಾಗಿಲ ಸದ್ದಾದಾಗೆಲ್ಲ ಅವರೇ ಬಂದ್ರು ಅಂದ್ಕೊಂಡೇ ತೆಗೆದಿದ್ದೀನಿ.”

ಅವಳು ಬಸ್ಸಿನಲ್ಲಿ ಆ ಚೀಟಿಯನ್ನು ನಾಲ್ಕು ಸಲ ಓದಿದಳು. ಸಾಲು ನೋಡುವುದೇ ಕಸುಬಾದವಳು. ಆದರೂ ಕೊನೆಯ ಎರಡು ಸಾಲು ಅವಳ ಕಣ್ಣಿಗೆ ಉಪಕಾರ ನೆನೆಯುವ ಮಾತಾಗಿಯೇ ಕಂಡವು. ಗಂಡನ ಮೇಲೆ ಹೆಮ್ಮೆ ಉಕ್ಕಿತು. ಎಷ್ಟೋ ವರ್ಷದ ಮೇಲೆ ಕಚೇರಿಯ ಮೆಟ್ಟಿಲನ್ನು ಬೇಗ ಬೇಗ ಹತ್ತಿದಳು. ಹಿಂದೆ ಮುಂದೆ ನೋಡದೆ ಚೀಟಿಯನ್ನು ಟ್ರೇಗೆ ಹಾಕಿದಳು. ಪ್ರತಿ ತೆಗೆಯುವವನು ಪ್ರತಿ ತೆಗೆದ. ಒಂದು ಮಾಲೀಕರಿಗೆ ಹೋಯಿತು, ಒಂದು ಜಾಹೀರಾತು ಬರೆಯುವವನಿಗೆ.

ಬರೆಯುವವನನ್ನು ಎಲ್ಲರೂ ಗೀಚಪ್ಪ ಎನ್ನುತ್ತಿದ್ದರು. ಮೂವತ್ತೈದರ ಆಸುಪಾಸಿನವನು. ಯಾರದೇ ಮಾನವನ್ನು ಮೂವತ್ತು ಸೆಕೆಂಡಿನಲ್ಲಿ ಹರಾಜು ಹಾಕಬಲ್ಲ, ಅದನ್ನು ಬಿಟ್ಟರೆ ನೊಣಕ್ಕೂ ನೋವು ಮಾಡದ ಪ್ರಾಣಿ. ಹತ್ತು ನಿಮಿಷದಲ್ಲಿ ಅವಳ ಮೇಜಿನ ಹತ್ತಿರ ಬಂದು ನಿಂತ. ಮುಖ ಸಪ್ಪಗಿತ್ತು.

“ಅಕ್ಕಾ, ಇದನ್ನ ಟ್ರೇಗೆ ಹಾಕೋ ಮೊದಲು ನನಗೊಂದು ಸಲ ತೋರಿಸ್ಬಾರದಿತ್ತಾ?”

“ಯಾಕಪ್ಪ? ನಿಲ್ಲಿಸು ಜಾಹೀರಾತನ್ನ. ಆಧಾರ ಇದೆಯಲ್ಲ.”

“ಸರಿ, ಯಾವ ಸಾಲು ನಿಲ್ಲಿಸ್ಲಿ ಹೇಳಿ. ಇಪ್ಪತ್ತೆರಡು ನಿಮಿಷ ಕತ್ತಲೆ. ಸುಳ್ಳಾಯ್ತಾ?”

“ಇಲ್ಲ.”

“ಇಬ್ಬರು ಸತ್ತಿದ್ದು?”

“ಇಲ್ಲ.”

“ಅವರು ಆಸ್ಪತ್ರೇಲಿ ಇಲ್ಲದೆ ಇದ್ದಿದ್ದು? ಏಸಿ ಬಂದಿದ್ದು? ಒಪ್ಕೊಂಡಿದ್ದು? ಒಂದಾದ್ರೂ ಸುಳ್ಳಾಯ್ತಾ ಅಕ್ಕಾ, ನಿಮ್ಮ ಚೀಟಿಯಿಂದ?”

ಅವಳು ಒಂದೊಂದನ್ನೂ ಮನಸ್ಸಿನಲ್ಲೇ ಎತ್ತಿ ನೋಡಿದಳು. ಒಂದೂ ಅಲುಗಲಿಲ್ಲ. ಅಷ್ಟು ಗಟ್ಟಿಯಾಗಿ ಮಾಡಿಟ್ಟಿದ್ದವಳು ತಾನೇ.

“ಏನೂ ನಿಲ್ಲಲ್ಲ ಅಕ್ಕಾ,” ಎಂದ ಗೀಚಪ್ಪ. ಆಮೇಲೆ ನೆಲ ನೋಡುತ್ತ, “ಅದಲ್ಲ ಕಷ್ಟ. ಮಾಲೀಕರು ಕೊನೇ ಎರಡು ಸಾಲಿಗೆ ಅಡಿಗೆರೆ ಹಾಕಿ ಕಳಿಸಿದ್ದಾರೆ” ಎಂದ.

ಅವನು ಹೇಳುವುದೇ ಬೇಕಿರಲಿಲ್ಲ. ಅವಳಿಗೆ ತಕ್ಷಣ ಹೊಳೆಯಿತು. ಮಧ್ಯಾಹ್ನ ಎರಡು ಗಂಟೆಗೆ ಚೀಟಿ ಅವಳ ಟ್ರೇಗೆ ಬಂದೇ ಬಂತು: ‘ತಪ್ಪು ಯಾರದೆಂದು ಗೊತ್ತಿದ್ದೂ ಡಾಕ್ಟರಮ್ಮ ಹನ್ನೊಂದು ವರ್ಷ ಯಾರಿಗೂ ಹೇಳಲಿಲ್ಲ.’ ಪಿನ್ ಮಾಡಿದ್ದ ಆಧಾರ ಅವಳ ಗಂಡನ ಕೈಬರಹ, ಕಾಫಿ ಲೋಟದ ಅಂಚು ತಾಗಿದ ಕಲೆಯ ಸಮೇತ.

ಮಾಲೀಕರೇ ಎದ್ದು ಬಂದರು. ಒಳ್ಳೆಯ ಮನುಷ್ಯ, ಅವಳ ಮೊಣಕೈ ನೋವನ್ನು ವಿಚಾರಿಸದೆ ಯಾವತ್ತೂ ಮಾತು ಶುರು ಮಾಡಿದವರಲ್ಲ. ಇವತ್ತೂ ವಿಚಾರಿಸಿದರು.

“ನಿಮ್ಮ ಯಜಮಾನರ ಹೆಸರು ಎಲ್ಲೂ ಬರಲ್ಲ ಅಕ್ಕಾ. ‘ಆಸ್ಪತ್ರೆಯ ಒಬ್ಬ ನೌಕರ’ ಅಂತಷ್ಟೇ. ಅಷ್ಟು ಮಾನ ಮರ್ಯಾದೆ ನಮಗೂ ಇದೆ.”

“ಅವರು ಇದನ್ನ ಬರೆದದ್ದು ಆಕೇನ ಉಳಿಸೋಕೆ ಸರ್.”

“ಯಾಕೆ ಬರೆದ್ರು ಅಂತ ನಾವು ಯಾವತ್ತೂ ನೋಡಿಲ್ಲವಲ್ಲ? ಸಾಲು ನಿಜಾನಾ, ಅಷ್ಟೇ. ನೀವೇ ಕಲಿಸಿದ್ದು.” ಅವರು ಚುಚ್ಚಲೆಂದು ಹೇಳಲಿಲ್ಲ, ನಿಜವಾಗಿಯೂ ಅವಳಿಂದ ಕಲಿತದ್ದನ್ನೇ ಹೇಳುತ್ತಿದ್ದರು. “ಅದೂ ಅಲ್ಲದೆ, ಆಯಮ್ಮ ಮುಚ್ಚಿಟ್ಟಿದ್ದು ಸುಳ್ಳಲ್ಲ. ಸತ್ತವರ ಮನೆಯವರಿಗೆ ಗೊತ್ತಾಗ್ಬೇಡ್ವಾ?”

ಗೊತ್ತಾಗಬೇಕಿತ್ತು. ಆದರೆ ಹೀಗಲ್ಲ, ಸೋಪಿನ ಜಾಹೀರಾತಿಗೆ ಮುಂಚೆ, ಕಫದ ದನಿಯಲ್ಲಲ್ಲ. ಸುಸ್ತು ಎಂದರೆ ಇದೇ ಎಂದುಕೊಂಡಳು: ಎದುರಿನವರು ಹೇಳುವುದು ಸರಿಯೂ ಇರುತ್ತದೆ, ಅವರ ಜೊತೆ ಜಗಳವಾಡಲು ಮಾತೂ ಸಿಗುವುದಿಲ್ಲ, ಆದರೂ ಒಳಗೆಲ್ಲೋ ಒಂದು ಅಲ್ಲ, ಅಲ್ಲ ಎನ್ನುತ್ತಲೇ ಇರುತ್ತದೆ.

ಅವಳು ಚೀಟಿಯನ್ನು ತಿರುಗಿಸಿದಳು. ಪೆನ್ನು ತೆಗೆದುಕೊಂಡಳು. ಮಾಲೀಕರು ನೋಡುತ್ತಿದ್ದಂತೆಯೇ, ಸಣ್ಣ ಅಕ್ಷರದಲ್ಲಿ ಬೆನ್ನು ತುಂಬ ಬರೆದಳು. ‘ಈ ಸಾಲು ನಿಜ. ಹಿಂದಿನ ಐದು ಸಾಲೂ ನಿಜ. ಆರನ್ನೂ ಸೇರಿಸಿ ಓದಿದರೆ ಸುಳ್ಳು. ಮುಖ್ಯಸ್ಥೆ ಆ ಹೊತ್ತು ಎರಡನೆಯ ಜನರೇಟರ್ ಕೇಳಲು ಹೋಗಿದ್ದರು. ಏಸಿ ಲಸಿಕೆಗೆ. ಟಿಕ್ ಹಾಕಿದವನು ನನ್ನ ಗಂಡ. ಅವನನ್ನು ಅವಸರ ಮಾಡಿ ಕರೆದವಳು ನಾನು. ಇಷ್ಟನ್ನೂ ಹೇಳದೆ ಇದನ್ನು ಹೇಳಬಾರದು.’ ಸಹಿ ಹಾಕಿದಳು.

ಮಾಲೀಕರು ಓದಿದರು. ಬೇಜಾರಾಗಿಯೇ ತಲೆಯಾಡಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅವರ ಸಹಾಯಕ ಮೆಟ್ಟಿಲಿಳಿದು ಹೋಗುವುದು ಕಾಣಿಸಿತು. ಎದುರಿನ ಅಂಗಡಿಯಲ್ಲಿ ರಬ್ಬರ್ ಸೀಲನ್ನು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ಎರಡು ಪದವಂತೂ ಇನ್ನೂ ಬೇಗ.

ಮತ್ತೆ ಅವಳ ಮೇಜಿಗೆ ಬಂದ ಗೀಚಪ್ಪ, ಮಾಲೀಕರು ಅಲ್ಲೇ ಬಿಟ್ಟುಹೋದ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದ.

“ಚೆನ್ನಾಗಿ ಬರೆದಿದ್ದೀರಿ ಅಕ್ಕಾ. ಆದ್ರೆ ಟೀವೀಲಿ ಚೀಟಿಯ ಬೆನ್ನು ಕಾಣಿಸಲ್ಲ.”

“ಯಾವಾಗ ಬರುತ್ತೆ?”

“ಇವತ್ತೇ. ಏಳಕ್ಕೆ.”

ಅವಳು ಸೀಲನ್ನು ಒರೆಸಿ, ಪ್ಯಾಡಿನ ಮುಚ್ಚಳ ಹಾಕಿ, ಚೀಲ ತೆಗೆದುಕೊಂಡು ಹೊರಟಳು. ನಾಳೆ ಬರುತ್ತೀರಾ ಎಂದು ಯಾರೂ ಕೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಮನೆ ಸೇರಿದಾಗ ಆರು ದಾಟಿತ್ತು. ಗಂಡ ಬಾಗಿಲಲ್ಲೇ ಕಾಯುತ್ತಿದ್ದ. ಕ್ಷೌರ ಮಾಡಿಸಿಕೊಂಡು ಬಂದಿದ್ದ. ಯಾರಾದರೂ ಕರೆಸಿದರೆ ಹೋಗಲು ಇರಲಿ ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

“ಕೊಟ್ಯಾ?”

“ಕೊಟ್ಟೆ.”

“ತಗೊಂಡ್ರಾ?”

“ತಗೊಂಡ್ರು. ಫೈಲಿಗೂ ಹಾಕಿದ್ರು. ಮಾಲೀಕರೇ ಓದಿದ್ರು.”

“ನಂಬಿದ್ರಾ?”

“ಒಂದಕ್ಷರಾನೂ ಬಿಡದೆ ನಂಬಿದ್ರು ರೀ.”

ಅವನು ಉಸ್ಸೆಂದು ಕುರ್ಚಿಯಲ್ಲಿ ಕೂತ. ಮುಖದ ಗಂಟುಗಳೆಲ್ಲ ಸಡಿಲವಾದವು. ಇಂಥ ಮುಖವನ್ನು ಅವಳು ನೋಡಿ ಹನ್ನೊಂದು ವರ್ಷವಾಗಿತ್ತು. “ಹಾಗಾದ್ರೆ ಬೇಕಾದಷ್ಟಾಯ್ತು ಬಿಡು,” ಎಂದ. “ಇನ್ನು ಯಾರು ಏನಂದ್ರೂ ಸರಿ.”

ಅವಳು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ತಾನು ಹೇಳಿದ್ದನ್ನು ಮತ್ತೊಮ್ಮೆ ಕೇಳಿಸಿಕೊಂಡಳು. ಕೊಟ್ಟೆ, ನಿಜ. ತಗೊಂಡರು, ನಿಜ. ಫೈಲಿಗೆ ಹಾಕಿದರು, ಓದಿದರು, ನಂಬಿದರು, ಎಲ್ಲ ನಿಜ. ಪ್ರತಿ ಸಾಲಿಗೂ ಸೀಲು ಹಾಕಬಹುದಿತ್ತು. ಮನೆಯಲ್ಲಿ, ಗಂಡನಿಗೆ, ಅಂಥ ಐದು ಸಾಲು ಹೇಳಿ ಮುಗಿಸಿದ್ದಳು; ಬಾಯಿ ಒಮ್ಮೆಯೂ ತಡವರಿಸಲಿಲ್ಲ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

“ರೀ, ಇನ್ನೂ ಇದೆ,” ಎಂದಳು. “ಮೊದಲಿಂದ ಹೇಳ್ತೀನಿ. ಮಧ್ಯ ಏನೂ ಬಿಡಲ್ಲ. ಕೂತ್ಕೊಂಡೇ ಕೇಳಿ.”

ಹೇಳಿದಳು. ಚೀಟಿಯನ್ನು ಹಿಂದೆ ಮುಂದೆ ನೋಡದೆ ಟ್ರೇಗೆ ಹಾಕಿದ್ದು, ಗೀಚಪ್ಪ ಕೇಳಿದ್ದು, ಕೊನೆಯ ಎರಡು ಸಾಲಿನ ಅಡಿಗೆರೆ, ತಾನು ಬೆನ್ನಿಗೆ ಬರೆದದ್ದು, ಎದುರಂಗಡಿಯ ಸೀಲು, ಏಳು ಗಂಟೆ. ಸಡಿಲವಾಗಿದ್ದ ಅವನ ಮುಖ ಮತ್ತೆ ಒಂದೊಂದೇ ಗಂಟು ಕಟ್ಟಿಕೊಳ್ಳುವುದನ್ನು ನೋಡುತ್ತಲೇ ಅವಳು ಕೊನೆಯವರೆಗೂ ಹೇಳಿ ಮುಗಿಸಬೇಕಾಯಿತು.

“ಅಂದ್ರೆ ನನ್ನ ಕೈಬರಹದಲ್ಲೇ ಅವರಿಗೆ ಹೊಡೀತಾರೆ.”

“ಹೌದು.”

ಅವನು ಗೋಡೆಯ ಗಡಿಯಾರ ನೋಡಿದ. ಆರು ಮೂವತ್ತೈದು.

“ಅವರು ಟೀವೀಲಿ ನೋಡೋಕೆ ಮೊದಲು ನನ್ನ ಬಾಯಿಂದ ಕೇಳ್ಬೇಕು. ನಡಿ.”

ಡಾಕ್ಟರಮ್ಮನ ಮನೆ ಇಪ್ಪತ್ತು ನಿಮಿಷದ ಕಾಲ್ನಡಿಗೆ. ಬೀಗ ಹಾಕಿ ಹೊರಟರು. ಬೀದಿಯಲ್ಲಿ ಗೋಡೆಗೋಡೆಗೂ ಚುನಾವಣೆಗೆ ನಿಂತವರ ಮುಖಗಳು, ಕೆಲವಕ್ಕೆ ಮಸಿ. ತಿರುವಿನ ಔಷಧಿ ಅಂಗಡಿ ದಾಟುವಷ್ಟರಲ್ಲಿ ಅವನು ಥಟ್ಟನೆ ನಿಂತ.

“ಗ್ಯಾಸು ನೋಡಿಲ್ಲ ನಾನು.”

“ನೋ…” ಎಂದು ಬಾಯಿ ತೆರೆದಳು. ನೋಡಿದ್ದೀನಿ, ನಡೀರಿ ಎಂಬುದು ನಾಲಿಗೆ ತುದಿಯಲ್ಲಿ ಸಿದ್ಧವಾಗಿತ್ತು. ಹನ್ನೊಂದು ವರ್ಷದಿಂದ ಅವನನ್ನು ಬಾಗಿಲು ದಾಟಿಸಿದ್ದು ಅದೇ ಮಾತು. ನೂರಕ್ಕೆ ತೊಂಬತ್ತು ಸಲ ಅವಳು ನೋಡಿರುತ್ತಿರಲಿಲ್ಲ.

“ಕಣ್ಣಾರೆ ನೋಡಿದ್ಯಾ?”

“ಇಲ್ಲ,” ಎಂದಳು. “ನೋಡಿಲ್ಲ ರೀ.”

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಮನೆಯ ಕಡೆ ನೋಡಿದ, ಮುಂದಿನ ದಾರಿ ನೋಡಿದ. ವಾಪಸು ಹೋಗಿ ಬಂದರೆ ಏಳು ದಾಟುತ್ತಿತ್ತು. ಯಾವತ್ತಾದರೂ ಆಗಿದ್ದರೆ ಭೂಮಿ ಬಾಯ್ಬಿಟ್ಟರೂ ಅವನು ತಾನೇ ಹೋಗಿ ಮೂರು ಸಲ ಮುಟ್ಟಿ ಬರುತ್ತಿದ್ದ.

“ನೀನು ಹೋಗಿ ನೋಡ್ಕೊಂಡು ಬಾ,” ಎಂದ. “ನಾನು ಮುಂದೆ ಹೋಗಿರ್ತೀನಿ. ಅವರ ಹತ್ರ ಹೇಳೋದು ನನ್ನ ಕೆಲಸ.”

ತಿರುಗಿ ನೋಡದೆ ಹೊರಟ. ಇಸ್ತ್ರಿಯ ಅಂಗಿಯ ಬೆನ್ನು ಜನರ ನಡುವೆ ಮರೆಯಾಗುವವರೆಗೂ ಅವಳು ನಿಂತಿದ್ದಳು. ಆಮೇಲೆ ಮನೆಗೆ ಓಡಿದಳು. ಬೀಗ ತೆಗೆದು ಅಡುಗೆಮನೆಗೆ ಹೋಗಿ ದೀಪ ಹಾಕಿದಳು. ಗ್ಯಾಸು ಆರಿತ್ತು, ಎಂದಿನ ಹಾಗೆಯೇ. ಆದರೂ ಅವಳು ಬಗ್ಗಿ ಕಣ್ಣಿಟ್ಟು ನೋಡಿದಳು. ಒಂದೊಂದು ತಿರುಪನ್ನೂ ಬೆರಳಿಂದ ಮುಟ್ಟಿ, ತಿರುಗಿಸಿ, ಮುಚ್ಚಿದೆಯೆಂದು ಖಾತ್ರಿ ಮಾಡಿಕೊಂಡಳು. ಪಕ್ಕದ ಮನೆಯ ಟೀವಿಯಲ್ಲಿ ಏಳರ ವಾರ್ತೆಗೆ ಮುಂಚಿನ ಆ ಕಫದ ದನಿ ಶುರುವಾಯಿತು. ಅವಳು ದೀಪ ಆರಿಸಿ, ಬೀಗ ಹಾಕಿ, ಎಳೆದು ನೋಡಿ, ಗಂಡ ಹೋದ ದಾರಿ ಹಿಡಿದಳು.